ಎರಡನೇ ಹಾಳೆ

ಬ್ಯಾಂಕಿನಲ್ಲಾಗಲಿ ಶಾಲೆಯಲ್ಲಾಗಲಿ ಯಾರಾದರೂ ಕಾಗದ ಮುಂದಿಟ್ಟು ಇಲ್ಲಿ ಸಹಿ ಮಾಡಿ ಅಂದರೆ ನಾನು ಮೊದಲು ಅದನ್ನು ತಿರುವಿ ಹಿಂದೆ ಏನಿದೆ ಅಂತ ನೋಡುತ್ತೇನೆ. ಹಿಂದೆ ಏನೂ ಇರುವುದಿಲ್ಲ. ಆದರೂ ಆ ಬಿಳಿಯನ್ನೇ ಒಂದು ಗಳಿಗೆ ನೋಡುತ್ತಾ ನಿಲ್ಲುತ್ತೇನೆ. ಸಾಲಿನಲ್ಲಿ ಹಿಂದೆ ನಿಂತವರು ಗೊಣಗುತ್ತಾರೆ. ನಮ್ಮ ಮನೆಯವರು, "ಲೇ, ಅದೇನು ರೊಟ್ಟಿ ಏನು, ಎರಡೂ ಕಡಿ ಬೆಂದೈತೋ ಇಲ್ಲೋ ನೋಡಾಕ?" ಅಂತ ನಗುತ್ತಾರೆ. ನಗಲಿ. ಆ ದಿನ ಅವರು ಗೋಡೌನಿನಲ್ಲಿ ಚೀಲ ಹೊರುತ್ತಿದ್ದರು, ಓಣಿಯಲ್ಲಿ ಇರಲಿಲ್ಲ. ಇದ್ದಿದ್ದರೆ ಅವರಿಗೂ ನಗು ಬರುತ್ತಿರಲಿಲ್ಲ.

ಊರಿನ ಹೆಸರು ಹೇಳುವುದಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದರ ಸುತ್ತಿನೊಳಗಿನ ಒಂದು ಪೇಟೆ ಅಂದುಕೊಳ್ಳಿ. ಹೇಳಿಬಿಟ್ಟರೆ ನಮ್ಮ ವಾರ್ಡಿನ ಮೆಂಬರ್ರು ಯಾರು ಅಂತ ತಿಳಿದುಹೋಗುತ್ತದೆ. ಅವರ ಮಾತು ಈಗಲೂ ನಡೆಯುತ್ತದೆ, ನಾವು ಈಗಲೂ ಅದೇ ಓಣಿಯಲ್ಲಿ ಬಾಳಬೇಕು.

ನಮ್ಮದು ಗುಡೇಕೋಟೆ ಕಡೆ. ನಾನು ಮದುವೆಯಾಗಿ ಹೋದಾಗ ಮನೆ ತುಂಬ ಕುರಿ ಇದ್ದವು. ಆಮೇಲೆ ಗುಡ್ಡದ ಒಂದು ಮಗ್ಗುಲಿಗೆ ತಂತಿಬೇಲಿ ಬಿತ್ತು, ಇನ್ನೊಂದು ಮಗ್ಗುಲಲ್ಲಿ ಕಲ್ಲು ಒಡೆಯುವ ಮಷಿನ್ ಕೂತಿತು. ಕುರಿಗೆ ಬಾಯಿ ಹಾಕಲು ಜಾಗವಿಲ್ಲದಂತಾಯಿತು. ಅದೇ ಹೊತ್ತಿಗೆ ಈ ಪೇಟೆಯ ಹೊರಗೆ ಕೋಳಿ ಆಹಾರದ ಫ್ಯಾಕ್ಟರಿ ಎದ್ದಿತ್ತು. ಸುತ್ತಲ ತಾಲೂಕುಗಳ ಮೆಕ್ಕೆಜೋಳ ಲಾರಿ ಲಾರಿ ಅಲ್ಲಿಗೇ ಹೋಗುತ್ತಿತ್ತು. ಕುರಿ ಮಾರಿ ನಾವೂ ಅದರ ಹಿಂದೆಯೇ ಹೋದೆವು. ನಮ್ಮ ಮನೆಯವರಿಗೆ ಹಮಾಲಿ ಕೆಲಸ ಸಿಕ್ಕಿತು. ನನಗೆ ಫ್ಯಾಕ್ಟರಿಯ ಅಂಗಳದಲ್ಲಿ ಹರವಿದ ಕಾಳನ್ನು ದಿನವಿಡೀ ಬಿಸಿಲಿಗೆ ಕೆದರುವ ಕೆಲಸ. ಹಳದಿ ಧೂಳು ಮೂಗಿನಲ್ಲಿ, ಕಣ್ಣಿನಲ್ಲಿ, ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಅದರ ಮೇಲೂ. ಜೊತೆಗೆ ಒಣಮೀನಿನ ಪುಡಿಯ ವಾಸನೆ. ಮೊದಲ ತಿಂಗಳು ಅನ್ನ ಸೇರಲಿಲ್ಲ, ಆಮೇಲೆ ವಾಸನೆಯೇ ಗೊತ್ತಾಗದಂತಾಯಿತು. ಅದು ಇನ್ನೂ ಕೆಟ್ಟದ್ದು ಅಂತ ನನಗೆ ಅನ್ನಿಸುತ್ತಿತ್ತು.

ಫ್ಯಾಕ್ಟರಿಯ ಹಿಂದಿನ ಸರ್ಕಾರಿ ಜಾಗದಲ್ಲಿ ನಮ್ಮಂಥವರ ಓಣಿ. ತಗಡಿನ ಗೋಡೆ, ತಗಡಿನ ಮಾಡು. ಒಬ್ಬರು ಹಡಗಲಿ ಕಡೆಯವರು, ಒಬ್ಬರು ನೀಲಗುಂದದವರು, ಆಂಧ್ರದಿಂದ ಬಂದ ಎರಡು ಮನೆಯವರು ತೆಲುಗಿನಲ್ಲೇ ಜಗಳ ಮಾಡಿ ಕನ್ನಡದಲ್ಲಿ ರಾಜಿಯಾಗುತ್ತಿದ್ದರು. ಯಾರ ಮನೆಯ ಮುಂದೆಯೂ ಒಂದು ನಂಬರ್ ಇರಲಿಲ್ಲ. ವಿಳಾಸ ಕೇಳಿದರೆ "ಫ್ಯಾಕ್ಟರಿ ಹಿಂದ" ಅನ್ನುತ್ತಿದ್ದೆವು.

ಅತ್ತೆ ಎಲ್ಲರಿಗಿಂತ ಕೊನೆಗೆ ಬಂದಳು. ಹೆಗಲ ಮೇಲೆ ಒಂದು ಕಂಬಳಿ, ಕಂಕುಳಲ್ಲಿ ಭಂಡಾರದ ಚೀಲ. ಭಂಡಾರ ಅಂದರೆ ಅರಿಶಿನದ ಪುಡಿಯೇ, ಆದರೆ ಮೈಲಾರಲಿಂಗನ ಹೆಸರಿನದು. ಉಣ್ಣೆಯ ಆ ಚೀಲ ಅವಳ ಅತ್ತೆಯಿಂದ ಅವಳಿಗೆ ಬಂದದ್ದು. ಪ್ರತಿ ಭಾನುವಾರ ಬೆಳಿಗ್ಗೆ ಮನೆಯ ಮುಂದಿನ ಕಲ್ಲಿನ ಮೇಲೆ ಕೂತು ಯಾರು ಬಂದರೂ ಹಣೆಗೆ ಹಚ್ಚಿ, ಅಂಗೈಗೆ ಒಂದು ಚಿಟಿಕೆ ಕೊಡುತ್ತಿದ್ದಳು. ವರ್ಷದೊಳಗೆ ಇಡೀ ಓಣಿ ಭಾನುವಾರ ಅವಳ ಮುಂದೆ ತಲೆ ಬಾಗಿಸುತ್ತಿತ್ತು, ತೆಲುಗು ಮನೆಯವರೂ ಸೇರಿ.

ನಮ್ಮವರಲ್ಲಿ ಭಂಡಾರ ಯಾರು ಕೊಟ್ಟರೂ ಒಲ್ಲೆ ಅನ್ನುವ ಹಾಗಿಲ್ಲ, ಯಾರು ಕೇಳಿದರೂ ಇಲ್ಲ ಅನ್ನುವ ಹಾಗಿಲ್ಲ. ಇನ್ನೊಂದು ಮಾತೂ ಇದೆ. ಭಂಡಾರ ಹಿಡಿದು ಒಬ್ಬ ಮಾತು ಕೊಟ್ಟ ಮೇಲೆ ಅವನನ್ನು ಮರಳಿ ಕೇಳುವುದಿಲ್ಲ. ಕುರಿ ಮಾರುವಾಗ, ಹೆಣ್ಣು ಕೊಡುವಾಗ, ದಾಯಾದಿಗಳ ಜಗಳ ಮುರಿಯುವಾಗ ಅದೇ ನಮ್ಮ ಪತ್ರ. ಮೇಲೆ ಇನ್ನೊಂದು ಸಾಕ್ಷಿ ಕೇಳಿದರೆ ದೇವರ ಮೇಲೆಯೇ ಅನುಮಾನಪಟ್ಟ ಹಾಗೆ. ಗುಡ್ಡದಲ್ಲಿ ಈ ಲೆಕ್ಕ ತಪ್ಪಿದ್ದನ್ನು ನಾನು ನೋಡಿಲ್ಲ. ಪೇಟೆಗೂ ಅದನ್ನೇ ಹೊತ್ತು ತಂದೆವು.

ನನ್ನ ಕೈಯಲ್ಲಿ ಬೇರೆ ಒಂದು ವಿದ್ಯೆ ಇತ್ತು. ನಾನು ಎಸ್ಸೆಸ್ಸೆಲ್ಸಿ ಪಾಸು. ಓಣಿಯಲ್ಲಿ ಅಷ್ಟು ಓದಿದವಳು ನಾನೊಬ್ಬಳೇ. ಕರೆಂಟಿನ ನೋಟೀಸು, ಆಸ್ಪತ್ರೆ ಚೀಟಿ, ರೇಷನ್ ಅಂಗಡಿಯ ಬೋರ್ಡು ಎಲ್ಲ ನನ್ನ ಹತ್ತಿರವೇ ಬರುತ್ತಿದ್ದವು. ಮೂರನೇ ಮನೆಯಲ್ಲಿ ಹಡಗಲಿಯ ಒಬ್ಬಾಕೆ ಜಾಕೀಟು ಹೊಲಿಯುತ್ತಿದ್ದಳು. ಅವಳಿಗೂ ಅಷ್ಟಿಷ್ಟು ಓದು ಬರುತ್ತಿತ್ತು, ಆದರೆ ಒಂದೊಂದೇ ಅಕ್ಷರ ಕೂಡಿಸಿ, ಬೆರಳಿಟ್ಟು, ತುಟಿ ಅಲುಗಿಸಿ. ಅವಳು ಒಂದು ಸಾಲು ಮುಗಿಸುವಷ್ಟರಲ್ಲಿ ನಾನು ಪುಟ ಮುಗಿಸುತ್ತಿದ್ದೆ. "ಅಕ್ಕಾ, ನೀನು ಓದೋದರಾಗ ನಮ್ಮ ಅನ್ನ ಸೀದು ಹೋಕ್ಕೈತಿ" ಅಂತ ಎಲ್ಲರ ಎದುರು ಗೇಲಿ ಮಾಡುತ್ತಿದ್ದೆ. ಅವಳು ನಕ್ಕು ಮುಂದಿನ ಅಕ್ಷರಕ್ಕೆ ಬೆರಳಿಡುತ್ತಿದ್ದಳು. ಅತ್ತೆಗಂತೂ ನನ್ನ ಓದು ಅಂದರೆ ಹೆಮ್ಮೆ. "ನಮ್ಮ ಸೊಸಿ ಕಣ್ಣು ಹಾಯಿಸಿದರ ಸಾಕು" ಅನ್ನುತ್ತಿದ್ದಳು.

ನಮ್ಮ ಬದುಕಿನ ಕೀಲಿಕೈ ಮೆಂಬರ್ರ ಹತ್ತಿರ ಇತ್ತು. ನೀರಿನ ಟ್ಯಾಂಕರ್ ಅವರು ಹೇಳಿದರೆ ಬರುತ್ತಿತ್ತು. ಕಂಬದಿಂದ ವೈರು ಎಳೆದುಕೊಂಡಿದ್ದು ಅವರ ಧೈರ್ಯದಿಂದ. ಮಕ್ಕಳ ಹೆಸರು ಶಾಲೆಯಲ್ಲಿ ಹಚ್ಚಬೇಕಾದರೂ ಅವರ ಚೀಟಿ. ಊರಿನ ರೇಷನ್ ಕಾರ್ಡು, ವೋಟಿನ ಕಾರ್ಡು ಇಲ್ಲಿಗೆ ಬದಲಾಯಿಸಿ ಕೊಡುತ್ತೇನೆ ಅಂತ ಎಲ್ಲರ ಕಾಗದಗಳನ್ನೂ ಒಂದು ಬ್ಯಾಗಿನಲ್ಲಿ ಹಾಕಿಕೊಂಡು ಹೋಗಿದ್ದರು. ವೋಟಿನ ಕಾರ್ಡು ಚುನಾವಣೆಗೆ ಸರಿಯಾಗಿ ಬಂದವು, ಉಳಿದವು ಬರಲಿಲ್ಲ. ಕೇಳಿದರೆ "ನನ್ನ ಮನ್ಯಾಗ ಇದ್ದರ ನಿಮ್ಮ ಮನ್ಯಾಗ ಇದ್ದಂಗ" ಅನ್ನುತ್ತಿದ್ದರು. ಒಳ್ಳೆಯ ಮಾತಿನ ಮನುಷ್ಯ. ಹೆಂಗಸರಿಗೆಲ್ಲ ತಂಗಿ, ಅತ್ತೆಗೆ ಯವ್ವ. ಒಮ್ಮೆಯೂ ದನಿ ಏರಿಸಿದ್ದನ್ನು ಕೇಳಲಿಲ್ಲ. ಏರಿಸಿದ್ದರೆ ನಮಗೆ ಎಚ್ಚರವಾಗುತ್ತಿತ್ತೋ ಏನೋ.

ಒಂದು ಬೇಸಿಗೆಯಲ್ಲಿ ಅಳತೆಯವರು ಬಂದರು. ಕೇಳಿದರೆ ಬಾಯಿ ಬಿಡಲಿಲ್ಲ. ಕೋಲು ನೆಟ್ಟು, ಹಗ್ಗ ಹಿಡಿದು, ಸುಣ್ಣದ ಗೆರೆ ಎಳೆದುಕೊಂಡು ಹೋದರು. ಗೆರೆ ಫ್ಯಾಕ್ಟರಿಯ ಕಾಂಪೌಂಡಿನಿಂದ ಹೊರಟು ನಮ್ಮ ಒಲೆಯ ಪಕ್ಕ ಹಾದು, ಅತ್ತೆಯ ಭಾನುವಾರದ ಕಲ್ಲನ್ನು ಸುತ್ತಿಕೊಂಡು, ಓಣಿಯ ಕೊನೆಗೆ ಮುಟ್ಟಿತ್ತು. ಫ್ಯಾಕ್ಟರಿ ದೊಡ್ಡದು ಮಾಡುತ್ತಾರಂತೆ, ಇನ್ನೊಂದು ಗೋಡೌನ್ ಇಲ್ಲಿಯೇ ಅಂತೆ ಅಂತ ಹಮಾಲರು ಸುದ್ದಿ ತಂದರು. ಅಡಿಗೆ ಮಾಡುವಾಗ ಆ ಗೆರೆಯನ್ನು ದಾಟದೆ ನೀರು ತರುವ ಹಾಗಿರಲಿಲ್ಲ. ಕಸಬರಿಗೆಯಿಂದ ದಿನಾ ಗುಡಿಸುತ್ತಿದ್ದೆ. ಸುಣ್ಣ ಹೋಯಿತು, ಗೆರೆ ಇದ್ದದ್ದು ಎಲ್ಲಿ ಅಂತ ಮಾತ್ರ ಕಣ್ಣು ಮುಚ್ಚಿದರೂ ಹೇಳಬಲ್ಲವಳಾಗಿದ್ದೆ. ಲಾರಿ ತಿರುಗಿದ ಸದ್ದಾದರೂ ಹೊರಗೆ ಓಡಿ ನೋಡುತ್ತಿದ್ದೆ. ಊರಿನಲ್ಲಿ ಮನೆ ಬಿದ್ದಿತ್ತು, ಕುರಿ ಇರಲಿಲ್ಲ. ಇಲ್ಲಿಂದ ಎಬ್ಬಿಸಿದರೆ ಹೋಗುವುದು ಎಲ್ಲಿಗೆ?

ಮೆಂಬರ್ರು ಬಂದು ನಕ್ಕರು. "ಯಾಕ ಗಾಬರಿ ಆಗ್ತೀರಿ? ನಿಮ್ಮ ಜಾಗಕ್ಕ ಹಕ್ಕುಪತ್ರ ಮಾಡಸ್ತೀನಿ. ಭಾನುವಾರ ಅರ್ಜಿ ತರ್ತೀನಿ, ಎಲ್ಲಾರೂ ಮನ್ಯಾಗ ಇರ್ರಿ." ಹಕ್ಕುಪತ್ರ ಅನ್ನುವ ಮಾತಿಗೆ ಓಣಿ ಕರಗಿಹೋಯಿತು. ನೀಲಗುಂದದವರು ಅವತ್ತೇ ಬಾಗಿಲಿಗೆ ಬಣ್ಣ ಹಚ್ಚಿದರು.

ಭಾನುವಾರ ಬೆಳಿಗ್ಗೆ ನಾನು ಟ್ಯಾಂಕರಿನ ಹತ್ತಿರ ಕೊಡ ಇಟ್ಟು ನಿಂತಿದ್ದೆ. ಮೆಂಬರ್ರು ಕಾರಿನಿಂದ ಇಳಿದು ನನ್ನ ಹತ್ತಿರವೇ ಬಂದರು.

"ತಂಗಿ, ಹೊಸ ಬಡಾವಣ್ಯಾಗ ಅಂಗನವಾಡಿ ಬರಾಕತ್ತೈತಿ. ಸಹಾಯಕಿ ಬೇಕಾಗ್ಯಾಳ. ಓದು ಬಲ್ಲ ಹೆಣ್ಮಗಳು ಧೂಳಾಗ ಎಷ್ಟು ದಿನ ಕಾಳು ಕೆದರತಿ? ನಾನು ಒಂದು ಮಾತು ಹೇಳೀನಿ."

ನೆರಳು, ಕುರ್ಚಿ, ಚಿಕ್ಕ ಮಕ್ಕಳು, ತಿಂಗಳ ಸಂಬಳ. ಆಸೆ ಆಯಿತು. ಸುಳ್ಳು ಯಾಕೆ ಹೇಳಲಿ, ಬಹಳ ಆಸೆ ಆಯಿತು. "ಇವತ್ತು ಕಾಗದ ನೀನೇ ಓದಿ ಹೇಳು. ಜನಕ್ಕ ಗಾಬರಿ ಮಾಡಬ್ಯಾಡ, ಅಷ್ಟ" ಅಂದು ಹೋದರು.

ಹತ್ತು ಗಂಟೆಗೆ ಓಣಿಯೆಲ್ಲ ಅತ್ತೆಯ ಕಲ್ಲಿನ ಮುಂದೆ ಸೇರಿತು. ಮೆಂಬರ್ರು ಚಪ್ಪಲಿ ದೂರ ಬಿಟ್ಟು ಬಂದು ನೆಲದ ಮೇಲೆಯೇ ಕೂತರು. "ಯವ್ವಾ, ಮೊದಲು ಭಂಡಾರ ಕೊಡು" ಅಂದರು. ಅತ್ತೆ ಕೊಟ್ಟಳು. ಅವರು ಅದನ್ನು ಮುಷ್ಟಿಯಲ್ಲಿ ಹಿಡಿದು, "ಈ ಭಂಡಾರದ ಆಣಿ, ನನ್ನ ಕೈ ಮೀರಿ ನಿಮ್ಮಲ್ಲಿ ಒಬ್ಬರೂ ಬೀದಿಗೆ ಬೀಳಂಗಿಲ್ಲ" ಅಂದರು. ಹೆಂಗಸರ ಕಣ್ಣಲ್ಲಿ ನೀರು ಬಂತು. ಅಲ್ಲಿಗೆ ಮುಗಿದೇ ಹೋಯಿತು. ಇನ್ನು ಆ ಕಾಗದದಲ್ಲಿ ಏನಿದೆ ಅಂತ ಕೇಳುವ ಬಾಯಿ ಓಣಿಯಲ್ಲಿ ಉಳಿಯಲಿಲ್ಲ. ಆಣೆಯ ಮೇಲೆ ಕಾಗದ ಕೇಳುವುದು ನಮ್ಮಲ್ಲಿ ನಾಚಿಕೆಯ ಕೆಲಸ.

ಅತ್ತೆಯೇ, "ಹೆಂಗೂ ಐತಿ, ನಮ್ಮ ಸೊಸಿ ಒಂದು ಸಲ ಓದಲಿ" ಅಂದಳು. ಅನುಮಾನದಿಂದಲ್ಲ. ನನ್ನ ಓದನ್ನು ಮೆಂಬರ್ರಿಗೆ ತೋರಿಸಲಿಕ್ಕೆ.

ಒಬ್ಬೊಬ್ಬರಿಗೆ ಎರಡು ಹಾಳೆ, ಮೂಲೆಗೆ ಪಿನ್ ಹೊಡೆದಿದ್ದರು. ಮೊದಲ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಹಕ್ಕುಪತ್ರಕ್ಕಾಗಿ ಅರ್ಜಿ ಅಂತ ಇತ್ತು. ಗಟ್ಟಿ ದನಿಯಲ್ಲಿ ಓದಿದೆ. ಹೆಸರು, ತಂದೆಯ ಹೆಸರು, ಎಷ್ಟು ವರ್ಷದಿಂದ ವಾಸ, ಎಲ್ಲ. ಎಲ್ಲರೂ ತಲೆಯಾಡಿಸಿದರು. ಎರಡನೇ ಹಾಳೆ ತಿರುವಿದೆ. ಅಕ್ಷರ ಸಣ್ಣವು. ನನ್ನ ಕಣ್ಣು ಎಂದಿನಂತೆ ಬೇಗ ಓಡಿತು. "ಸದರಿ ಜಾಗವನ್ನು ಸ್ವಇಚ್ಛೆಯಿಂದ ತೆರವುಗೊಳಿಸಲು ಒಪ್ಪಿರುತ್ತೇನೆ. ಈ ಬಗ್ಗೆ ನನ್ನದು ಯಾವುದೇ ತಕರಾರು ಇರುವುದಿಲ್ಲ."

ತಲೆ ಎತ್ತಿದೆ. ಮೆಂಬರ್ರು ನನ್ನನ್ನೇ ನೋಡುತ್ತಿದ್ದರು, ಅದೇ ನಗುಮುಖ. "ಅದು ಆಫೀಸಿನ ಮಾತು, ತಂಗಿ. ಎಲ್ಲಾ ಅರ್ಜಿಗೂ ಇರ್ತೈತಿ."

ಅತ್ತೆ ನನ್ನ ಬಾಯಿ ನೋಡುತ್ತಿದ್ದಳು. ಹಡಗಲಿಯ ಅಕ್ಕ ತನ್ನ ಪ್ರತಿಯ ಮೊದಲ ಸಾಲಿನ ಮೇಲೆ ಇನ್ನೂ ಬೆರಳಿಟ್ಟುಕೊಂಡು ಕೂತಿದ್ದಳು. ನಾನು ಎರಡನೇ ಹಾಳೆಯನ್ನು ಮೊದಲನೆಯದರ ಕೆಳಗೆ ಸೇರಿಸಿದೆ.

"ಉಳಿದದ್ದು ಆಫೀಸಿನ ಮಾತು" ಅಂದೆ.

ಅವರ ಮಾತನ್ನೇ ನನ್ನ ಬಾಯಿಂದ ಹೇಳಿದೆ. ಹೆದರಿ ಹೇಳಿದೆನೋ, ಆಸೆಗೆ ಹೇಳಿದೆನೋ ಅಂತ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಹೆದರಿಕೆ ಅಂದರೆ ಸ್ವಲ್ಪ ಮರ್ಯಾದೆ ಉಳಿಯುತ್ತದೆ. ಆದರೆ ಹಾಳೆ ಮಡಿಸುವಾಗ ನನ್ನ ಕಣ್ಣ ಮುಂದೆ ಬಂದದ್ದು ಅಂಗನವಾಡಿಯ ಕುರ್ಚಿ.

ಶಾಯಿಯ ಡಬ್ಬಿ ಕೈಯಿಂದ ಕೈಗೆ ಹೋಯಿತು. ಮೊದಲ ಹೆಬ್ಬೆಟ್ಟು ಅತ್ತೆಯದು. ಅವಳ ಬೆರಳಲ್ಲಿ ಇನ್ನೂ ಭಂಡಾರ ಇತ್ತು. ನೀಲಿ ಶಾಯಿಗೆ ಹಳದಿ ಕೂಡಿ, ಗುರುತಿನ ಪಕ್ಕದಲ್ಲಿ ಒಂದು ಹಸಿರು ಹಳದಿ ಕಲೆ ಬಿತ್ತು. ಮೆಂಬರ್ರ ಜೊತೆಗಿದ್ದವನು ಒರೆಸಲು ಹೋದ. "ಇರಲಿ ಬಿಡು, ದೇವರೂ ಸಹಿ ಮಾಡ್ಯಾನ" ಅಂದು ಮೆಂಬರ್ರು ನಕ್ಕರು. ಓಣಿಯೂ ನಕ್ಕಿತು.

ಆಮೇಲಿನ ದಿನಗಳನ್ನು ಹೇಗೆ ಕಳೆದೆ ಅಂತ ಹೇಳಲಾರೆ. ಅದು ನಿಜವಾಗಿಯೂ ಆಫೀಸಿನ ಮಾತೇ ಇರಬಹುದು ಅಂತ ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಕಾಳು ಕೆದರುವಾಗ ಸ್ವಇಚ್ಛೆಯಿಂದ ಅನ್ನುವ ಒಂದೇ ಶಬ್ದ ತಲೆಯಲ್ಲಿ ತಿರುಗುತ್ತಿತ್ತು. ಅತ್ತೆ ಹಕ್ಕುಪತ್ರ ಇಡಲಿಕ್ಕೆ ಅಂತ ಟ್ರಂಕು ಖಾಲಿ ಮಾಡಿದಳು. ಅದನ್ನು ನೋಡಿ ನನಗೆ ಊಟ ಇಳಿಯಲಿಲ್ಲ. "ಯಾಕ, ಮೈಯಾಗ ಅರಾಮಿಲ್ಲೇನು?" ಅಂತ ಅವಳೇ ಮೆಣಸಿನ ಕಷಾಯ ಕುದಿಸಿಕೊಟ್ಟಳು. ಆಗಲೂ ಹೇಳಲಿಲ್ಲ.

ಮಳೆಗಾಲದ ಮೊದಲಿಗೆ ಗೋಡೆಗೆ ನೋಟೀಸು ಅಂಟಿಸಿದರು. ಏಳು ದಿನದೊಳಗೆ ಖಾಲಿ ಮಾಡಬೇಕು, ನಿವಾಸಿಗಳು ಒಪ್ಪಿರುವುದರಿಂದ. ಮೆಂಬರ್ರ ಮನೆಗೆ ಓಡಿದೆವು. ಬೆಂಗಳೂರಿಗೆ ಹೋಗ್ಯಾರ ಅಂದರು. ಫೋನಿನಲ್ಲಿ ಸಿಕ್ಕಾಗ ಅವರು ಅದೇ ಮೆತ್ತನೆಯ ದನಿಯಲ್ಲಿ, "ನಾನೇನು ಮಾಡ್ಲಿ, ನೀವ ಒಪ್ಪೀರಿ. ನನ್ನ ಕೈ ಮೀರೇತಿ" ಅಂದರಂತೆ. ಆಣೆ ಮಾಡುವಾಗಲೇ ಕೈ ಮೀರಿ ಅನ್ನುವ ಬಾಗಿಲು ಇಟ್ಟುಕೊಂಡಿದ್ದರು ನೋಡಿ.

ಮರುದಿನ ಇಡೀ ಓಣಿ ಕೆಲಸ ಬಿಟ್ಟು ತಾಲೂಕು ಕಚೇರಿಗೆ ನಡೆಯಿತು. ಮುಂದೆ ಅತ್ತೆ, ಕಂಕುಳಲ್ಲಿ ಭಂಡಾರದ ಚೀಲ. ಹಿಂದೆ ನಾನು. ಮಧ್ಯಾಹ್ನದವರೆಗೆ ಕೂರಿಸಿ ಒಳಗೆ ಕರೆದರು. ಅಲ್ಲಿದ್ದ ಅಧಿಕಾರಿ ಹೊಸದಾಗಿ ಬಂದ ಹೆಣ್ಣುಮಗಳು, ನನಗಿಂತ ದೊಡ್ಡವಳೇನಲ್ಲ. ಕಡತ ತೆಗೆದು ಒಂದೊಂದೇ ಹಾಳೆ ತೋರಿಸಿದರು. ಹೆಬ್ಬೆಟ್ಟು, ಹೆಬ್ಬೆಟ್ಟು, ಹೆಬ್ಬೆಟ್ಟು. ಒಂದರ ಹತ್ತಿರ ನಿಂತರು.

"ಈ ಹಳದಿ ಕಲೆ ಯಾರದು?"

"ನಂದ್ರಿ ಯವ್ವಾ. ಅದು ಭಂಡಾರ."

ಅವರು ಕನ್ನಡಕ ತೆಗೆದು ಅತ್ತೆಯನ್ನು ನೋಡಿದರು. "ಅಜ್ಜೀ, ಸರಿಯಾಗಿ ಹೇಳಿ. ಹೆಬ್ಬೆಟ್ಟು ಹಾಕುವ ಮುಂಚೆ ಈ ಎರಡನೇ ಹಾಳೆ ನಿಮಗೆ ಯಾರಾದರೂ ಓದಿ ಹೇಳಿದ್ದರಾ? ಹೇಳದೆ ಹಾಕಿಸಿಕೊಂಡಿದ್ದರೆ ನಾನು ಈ ಆದೇಶ ತಡೆಯಬಹುದು. ಓದಿ ಹೇಳಿದ್ದರೆ ನನ್ನ ಕೈಯಲ್ಲಿ ಏನೂ ಇಲ್ಲ."

ಇಷ್ಟು ಸುಲಭ ಇತ್ತು. ಇಲ್ಲ ಅಂದರೆ ಸಾಕಿತ್ತು, ಓಣಿ ಉಳಿಯುತ್ತಿತ್ತು. ಅತ್ತೆ ಹಿಂದೆ ತಿರುಗಿ ನನ್ನ ಮುಖ ನೋಡಿದಳು. ಆಮೇಲೆ ಬೆನ್ನು ನೇರ ಮಾಡಿ ನಿಂತಳು.

"ಓದ್ಯಾಳ್ರಿ. ನಮ್ಮ ಸೊಸಿನ ಓದ್ಯಾಳ. ಅಕಿ ಓದದ ಬಿಡೋದಿಲ್ಲ. ನಮಗ ತಿಳೀಲಿಲ್ಲ, ಅಷ್ಟ. ಅಕಿ ಮ್ಯಾಲ ಸುಳ್ಳು ಹೇಳಾಕ ನನಗ ಬರಂಗಿಲ್ಲ."

ಮನೆ ಹೋದರೂ ಪರವಾಗಿಲ್ಲ, ನನ್ನ ಮೇಲೆ ಮಾತು ಬರಬಾರದು ಅಂತ ನಿಂತಿದ್ದಳು ಆ ಮುದುಕಿ. ಅಧಿಕಾರಿ ಕಡತ ಮುಚ್ಚಲು ಕೈ ಎತ್ತಿದರು. ಗೋಡೆಗೆ ಒತ್ತಿಕೊಂಡು ಓಣಿಯವರೆಲ್ಲ ನಿಂತಿದ್ದರು.

"ನಾನು ಓದಲಿಲ್ಲ" ಅಂದೆ. ಮೇಜಿನ ಹತ್ತಿರ ಹೋದೆ. ಮತ್ತೆ ಅಂದೆ. "ಎರಡನೇ ಹಾಳೆ ನಾನು ಓದಿ ಹೇಳಲಿಲ್ಲ ಮೇಡಂ. ನನಗ ಗೊತ್ತಿತ್ತು. ಏನೈತಿ ಅಂತ ನೋಡಿದ್ದೆ. ಅವರಿಗೆ ಹೇಳಲಿಲ್ಲ."

ಯಾರೋ ಹೆಂಗಸು ಹಿಂದಿನಿಂದ ಥೂ ಅಂದಳು. ನೀಲಗುಂದದವರು ಮುಖ ತಿರುಗಿಸಿಕೊಂಡರು. ಅತ್ತೆ ಚೀಲವನ್ನು ಕಂಕುಳಲ್ಲಿ ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು. ಅಧಿಕಾರಿ ನನ್ನ ಹೇಳಿಕೆ ಬರೆಸಿಕೊಂಡರು. ನಾನು ಪೂರ್ತಿ ಓದಿ ಸಹಿ ಮಾಡಿದೆ. ಬರುವಾಗ ದಾರಿಯುದ್ದಕ್ಕೂ ನನ್ನ ಪಕ್ಕದಲ್ಲಿ ನಡೆದವಳು ಹಡಗಲಿಯ ಅಕ್ಕ ಒಬ್ಬಳೇ.

ಆದೇಶ ನಿಂತಿತು. ಫ್ಯಾಕ್ಟರಿಯ ಗೋಡೌನ್ ಆಚೆ ಮಗ್ಗುಲಿಗೆ ಎದ್ದಿತು. ಆ ಅಧಿಕಾರಿಗೆ ಕೆಲವೇ ತಿಂಗಳಲ್ಲಿ ದೂರಕ್ಕೆ ವರ್ಗವಾಯಿತು. ಮೆಂಬರ್ರಿಗೆ ಏನೂ ಆಗಲಿಲ್ಲ. ಅಂಗನವಾಡಿಯ ಕೆಲಸ ಅವರ ತಮ್ಮನ ಹೆಂಡತಿಗೆ ಸಿಕ್ಕಿತು. ನಾನು ಕಾಳು ಕೆದರುತ್ತಲೇ ಉಳಿದೆ. ಮುಂದಿನ ಚುನಾವಣೆಯ ಹತ್ತಿರ ಹಕ್ಕುಪತ್ರಗಳು ನಿಜವಾಗಿಯೂ ಬಂದವು, ಹಂಚಲು ಬಂದವರೂ ಅವರೇ. ಕೊರಳಲ್ಲಿ ಹೂವಿನ ಹಾರ. ಅತ್ತೆಯ ಕೈಗೆ ಪತ್ರ ಕೊಟ್ಟು, ನಾಚಿಕೆಯಿಲ್ಲದೆ ಹಣೆ ಮುಂದೆ ಮಾಡಿ, "ಯವ್ವಾ, ಭಂಡಾರ" ಅಂದರು. ಅತ್ತೆ ಹಚ್ಚಿದಳು. ನನಗೆ ಮೈಯೆಲ್ಲ ಉರಿಯಿತು. ಮನೆಗೆ ಬಂದ ಮೇಲೆ, "ಅವಗ್ಯಾಕ ಹಚ್ಚಿದಿ ಅತ್ತಿ?" ಅಂತ ಕೇಳಿದೆ.

"ದೇವರದು. ಯಾರಿಗೂ ಇಲ್ಲ ಅನ್ನಾಕ ಬರಂಗಿಲ್ಲ" ಅಂದಳು.

ಪ್ರತಿ ಭಾನುವಾರ ನನಗೂ ಹಚ್ಚುತ್ತಾಳೆ. ಕಚೇರಿಗೆ ಹೋಗಿ ಬಂದ ವಾರವೂ ಹಚ್ಚಿದ್ದಳು, ಒಂದು ವಾರವೂ ತಪ್ಪಿಸಿಲ್ಲ. ಬೈದಿಲ್ಲ, ಹಂಗಿಸಿಲ್ಲ, ತಾನು ಉಣ್ಣುವ ಮುಂಚೆ ನನ್ನ ತಟ್ಟೆ ತುಂಬಿದೆಯೇ ಅಂತ ನೋಡುವುದನ್ನು ಬಿಟ್ಟಿಲ್ಲ. ಮೊದಮೊದಲು ಕ್ಷಮಿಸಿದ್ದಾಳೆ ಅಂದುಕೊಂಡಿದ್ದೆ. ಆವತ್ತು ಅವಳ ಉತ್ತರ ಕೇಳಿದ ಮೇಲೆ ಹಾಗೆ ಅಂದುಕೊಳ್ಳಲು ಧೈರ್ಯ ಬರುವುದಿಲ್ಲ.

ಹಕ್ಕುಪತ್ರ ಬಂದ ದಿನ ಸಂಜೆ ಅತ್ತೆ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಹೊಸ್ತಿಲಲ್ಲಿ ಅಕ್ಕಿ ಆರಿಸುತ್ತಿದ್ದ ನನ್ನನ್ನು ದಾಟಿ ಮೂರನೇ ಮನೆಗೆ ಹೋದಳು. ಹಡಗಲಿಯ ಅಕ್ಕ ಹೊಲಿಗೆ ಮಷಿನ್ ನಿಲ್ಲಿಸಿ ಕಾಗದ ಇಸಿದುಕೊಂಡಳು. ಒಂದೊಂದೇ ಅಕ್ಷರ, ಬೆರಳಿಟ್ಟು, ತುಟಿ ಅಲುಗಿಸಿ. ನಾನು ಮೊರ ಹಿಡಿದು ಕೂತಲ್ಲಿಂದಲೇ ಕಿವಿಗೊಟ್ಟೆ. ಅರ್ಧ ಕೇಳುತ್ತಿತ್ತು, ಅರ್ಧ ಫ್ಯಾಕ್ಟರಿಯ ಸದ್ದಿನಲ್ಲಿ ಹೋಗುತ್ತಿತ್ತು. ಅವಳು ಕೊನೆಗೆ ಬಂದು ನಿಂತಾಗ ಅತ್ತೆಯ ದನಿ ಮಾತ್ರ ಸ್ಪಷ್ಟವಾಗಿ ಕೇಳಿತು.

"ಮಗ್ಗಲು ತಿರುವವ್ವ. ಹಿಂದನೂ ಐತೇನು ನೋಡು."

ಹಿಂದೆ ಇತ್ತು. ಶರತ್ತುಗಳು. ಅದನ್ನೂ ಪೂರ್ತಿ ಓದಿಸಿಕೊಂಡು, ಮಡಿಸಿ, ತಂದು ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು. "ಚಲೋ ಐತಂತ" ಅಂತ ನಮ್ಮ ಮನೆಯವರಿಗೆ ಹೇಳಿದಳು. ಮನೆ ನಮ್ಮದು, ಯಾರೂ ಎಬ್ಬಿಸುವ ಹಾಗಿಲ್ಲ ಅಂತ ಓಣಿಯೆಲ್ಲ ಹೇಳುತ್ತದೆ. ನಾನೂ ಹಾಗೇ ಅಂದುಕೊಂಡು ಒಲೆ ಹಚ್ಚುತ್ತೇನೆ. ಲಾರಿ ತಿರುಗಿದ ಸದ್ದಾದರೆ ಈಗಲೂ ಹೊರಗೆ ಬಂದು ನೋಡುತ್ತೇನೆ. ಆ ಕಾಗದದ ಹಿಂದೆ ಏನು ಬರೆದಿದೆ ಅಂತ ಈ ಓಣಿಯಲ್ಲಿ ತಿಳಿಯದೆ ಉಳಿದವಳು ನಾನೊಬ್ಬಳೇ, ಕೇಳಲು ನನಗೆ ಬಾಯಿ ಬಂದಿಲ್ಲ.